ಆಟಿಸಂ ಇರುವ ಮಗುವನ್ನು ತರಗತಿಯಲ್ಲಿ ಬೆರೆಸಲು ರೋಬೋಟ್ ನೆರವಾಗುತ್ತದೆಯೇ?

ಆಟಿಸಂ ಇರುವ ಎರಡನೇ ತರಗತಿಯ ಹುಡುಗನಿಗಾಗಿ ದಾನಿಯೊಬ್ಬರು ಶಾಲೆಗೆ ಮನುಷ್ಯಾಕೃತಿಯ ರೋಬೋಟ್ ಕೊಡಿಸಲು ಮುಂದೆ ಬಂದಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನಾನು ಉಡುಪಿಯ ಶಾಲೆಯೊಂದರಲ್ಲಿ ವಿಶೇಷ ಶಿಕ್ಷಕಿ. ರೋಬೋಟ್ ತರಿಸಿ, ಆದರೆ ಅಷ್ಟು ದುಬಾರಿಯದು ಬೇಡ ಎಂಬುದು ನನ್ನ ಅಭಿಪ್ರಾಯ.

58 ಸೆಂ.ಮೀ. ಎತ್ತರದ ‘ನಾವೋ’ (NAO), ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ‘ಕಾಸ್ಪರ್’ ಮುಂತಾದ ಮನುಷ್ಯಾಕೃತಿಯ ರೋಬೋಟ್‌ಗಳು ಇಂತಹ ಅನೇಕ ಮಕ್ಕಳಿಗೆ ಹಿಡಿಸುವುದು ನಿಜ. ನಮ್ಮ ಮುಖಭಾವ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಯಂತ್ರವಾದರೋ ಹತ್ತನೆಯ ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ ಬೇಸರವಿಲ್ಲದೆ ಹೇಳುತ್ತದೆ. ಆದರೆ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ, 12 ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ನಡೆದ ಅಧ್ಯಯನದಲ್ಲೂ ರೋಬೋಟ್ ಮಗುವಿನೊಡನೆ ಮಾತ್ರ ಆಡಲಿಲ್ಲ. ಮನೆಯ ಹಿರಿಯರೊಬ್ಬರೂ ಆಟದಲ್ಲಿ ಪಾಲುಗೊಂಡಿದ್ದರು. ಮುಖ್ಯವಾದ ಅಂಶ ಇದೇ.

ನಮ್ಮಲ್ಲಿರುವುದು ಜೇನುನೊಣದ ಆಕಾರದ ಬೀ-ಬಾಟ್ ಎಂಬ ಸಣ್ಣ ರೋಬೋಟ್. ಬೆನ್ನಿನ ಮೇಲಿನ ಮುಂದೆ-ಹಿಂದೆ ಬಾಣದ ಗುಂಡಿಗಳನ್ನು ಒತ್ತಿದಷ್ಟು ಸಲ, ಹೆಜ್ಜೆಗೆ 15 ಸೆಂ.ಮೀ.ನಂತೆ ಅದು ಚಲಿಸುತ್ತದೆ; ಎಡ-ಬಲ ಬಾಣಗಳನ್ನು ಒತ್ತಿದರೆ ನಿಂತಲ್ಲೇ ಆ ಕಡೆಗೆ ತಿರುಗುತ್ತದೆ. ಮೊದಲ ವಾರ ನಾನೇ ತಪ್ಪಿದೆ: ನಮ್ಮ ಹುಡುಗನನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅದನ್ನು ಅವನೊಬ್ಬನ ಕೈಗೆ ಕೊಟ್ಟೆ. ಅವನು ಅದನ್ನು ಮಗುಚಿ ಹಾಕಿ, ಪೀರಿಯಡ್ ಮುಗಿಯುವವರೆಗೂ ಚಕ್ರಗಳನ್ನೇ ನೋಡುತ್ತ ಕುಳಿತ.

ಅನಂತರ ಹಳೆಯ ಫ್ಲೆಕ್ಸ್‌ನ ಹಿಂಬದಿಯಲ್ಲಿ 15 ಸೆಂ.ಮೀ. ಚೌಕಗಳನ್ನು ಎಳೆದು, ಕೃಷ್ಣಮಠ, ಅನಂತೇಶ್ವರ, ಮಧ್ವ ಸರೋವರಗಳಿರುವ ರಥಬೀದಿಯನ್ನು ಬರೆದು, ತರಗತಿಯ ನಡುವೆಯೇ ಹಾಸಿದೆವು. ಒಬ್ಬರು ದಾರಿ ಹೇಳಬೇಕು, ಇನ್ನೊಬ್ಬರು ಗುಂಡಿ ಒತ್ತಬೇಕು, ಆಮೇಲೆ ಅದಲುಬದಲು. ಜೊತೆಗಾತಿ ಎಡದ ಬದಲು ಬಲದ ಗುಂಡಿ ಒತ್ತಿದಾಗ ನೊಣ ಬಲಕ್ಕೆ ತಿರುಗಿ ಸರೋವರಕ್ಕೆ ಹೋಯಿತು. ಅವನು ಅವಳ ಮುಖ ನೋಡದೆಯೇ ಅವಳ ಬೆರಳನ್ನು ಹಿಡಿದು ಎಡದ ಗುಂಡಿಯ ಮೇಲಿಟ್ಟ. ಅಂದಿನಿಂದ ಅವರಿಬ್ಬರದು ಒಂದು ಜೋಡಿ. (ಕೈ ಹಿಡಿದದ್ದಕ್ಕೆ ಅವಳು ದೂರು ಹೇಳಲಿಲ್ಲ, ಸರೋವರಕ್ಕೆ ಬಿದ್ದದ್ದೇ ಅವಳಿಗೆ ದೊಡ್ಡ ಸಂಗತಿಯಾಗಿತ್ತು.)

ಅದರ ಬೀಪ್ ಶಬ್ದಕ್ಕೆ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ಸ್ಪೀಕರಿನ ಮೇಲೆ ಟೇಪ್ ಅಂಟಿಸಿದ ಮೇಲೆ ಸರಿಯಾಯಿತು. ಆಟ ಮುಗಿಯುವುದನ್ನು ಚಿತ್ರದ ಕಾರ್ಡ್ ತೋರಿಸಿ ಮೊದಲೇ ತಿಳಿಸಿ. ಶಿಸ್ತಿಗಾಗಿ ರೋಬೋಟನ್ನು ಆಮಿಷವಾಗಿ ಬಳಸಬೇಡಿ.

ಒಂದು ದಿನ ಚಾರ್ಜ್ ಇರಲಿಲ್ಲ. ಮಕ್ಕಳು ಅವನ ಜೊತೆಗಾತಿಯನ್ನೇ ನೊಣವಾಗಿಸಿ ನೆಲದ ಟೈಲ್ಸ್ ಮೇಲೆ ನಿಲ್ಲಿಸಿದರು, ಅವನು ದಾರಿ ಹೇಳಿದ. ಆದ್ದರಿಂದ ದಾನಿಯವರಿಗೆ ಸಣ್ಣ ರೋಬೋಟ್ ಸಾಕೆಂದು ತಿಳಿಸಿ, ಉಳಿದ ಹಣವನ್ನು ತರಗತಿಗೆ ಸಹಾಯಕಿಯೊಬ್ಬರ ಸಂಬಳಕ್ಕೆ ಕೊಡುವರೇ ಎಂದು ಕೇಳಿ ನೋಡಿ.