ತೌಡಿನಿಂದ ಬ್ಯುಟನಾಲ್: ಹುದುಗು ಎರಡನೇ ದಿನಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ಬ್ಯುಟನಾಲ್ (ಇಂಧನವಾಗಬಲ್ಲ ಒಂದು ಆಲ್ಕೋಹಾಲ್) ಮಾಡಲು ಎಣ್ಣೆ ತೆಗೆದ ತೌಡಿನ ಗಂಜಿಗೆ ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟಿಲಿಕಂ ಬ್ಯಾಕ್ಟೀರಿಯಾ ಹಾಕಿದೆವು. ಮೊದಲ ದಿನ ಗ್ಯಾಸ್ ಜೋರಾಗಿ ಬಂತು. ಎರಡನೇ ದಿನ ಪಿಎಚ್ 4.2ಕ್ಕೆ ಇಳಿದು ಎಲ್ಲ ನಿಂತಿತು. ಬ್ಯುಟನಾಲ್ ಇಲ್ಲವೇ ಇಲ್ಲ. ತಳಿ ಕೆಟ್ಟಿದೆಯೇ? (ಎಂ.ಟೆಕ್ ವಿದ್ಯಾರ್ಥಿ, ದಾವಣಗೆರೆ)

ಇದೇ ಪ್ರಶ್ನೆ ಪ್ರಾಜೆಕ್ಟ್ ಸೀಸನ್ನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ತಳಿಯನ್ನು ದೂರುವ ಮುಂಚೆ ಬಾಟಲಿಯ ವಾಸನೆ ನೋಡಿ, ಮೂಗು ಒಳಗಿಟ್ಟಲ್ಲ, ಕೈಯಿಂದ ಗಾಳಿ ಬೀಸಿಕೊಂಡು. ಹುಳಿ ಮಜ್ಜಿಗೆಯ ವಾಸನೆ ಇದ್ದರೆ ಬೆಳೆದಿರುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಚೆಲ್ಲಿ. ತೌಡಿನಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಸ್ಪೋರ್‌ಗಳೂ (ಗಟ್ಟಿ ಕವಚದ ನಿದ್ರಾರೂಪ) ಇರುತ್ತವೆ, ಬರೀ ಕುದಿಸಿದರೆ ಅವು ಸಾಯುವುದಿಲ್ಲ. ಆಟೊಕ್ಲೇವ್‌ನಲ್ಲಿ (ಒತ್ತಡದ ಹಬೆಪಾತ್ರೆ) 121 ಡಿಗ್ರಿ ಬೇಕು. ದಪ್ಪ ಗಂಜಿಯ ನಡುಭಾಗಕ್ಕೆ ಬಿಸಿ ತಲುಪಲು 15 ನಿಮಿಷ ಸಾಲದು, 45 ನಿಮಿಷ ಕೊಡಿ.

ಕಮಟು ಬೆಣ್ಣೆಯ ವಾಸನೆ ಇದ್ದರೆ ಅದು ಬ್ಯುಟಿರಿಕ್ ಆಮ್ಲ. ಆಗ ಬೆಳೆದದ್ದು ನಿಮ್ಮ ಬ್ಯಾಕ್ಟೀರಿಯಾವೇ, ಆಮ್ಲದ ಹಂತದಲ್ಲಿ ಸಿಕ್ಕಿಬಿದ್ದಿದೆ. ಅದು ಮೊದಲು ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಪಿಎಚ್ 5ರ ಆಸುಪಾಸಿಗೆ ಬಂದಾಗ ಅದೇ ಆಮ್ಲವನ್ನು ಒಳಗೆಳೆದುಕೊಂಡು ಅಸಿಟೋನ್, ಬ್ಯುಟನಾಲ್, ಎಥನಾಲ್ ಮಾಡುತ್ತದೆ, ಸುಮಾರು 3:6:1ರ ಪ್ರಮಾಣದಲ್ಲಿ. ಪಿಎಚ್ ಆಗ ತುಸು ಮೇಲೇರಬೇಕು. ಆಮ್ಲ ತೀರಾ ಬೇಗ ತುಂಬಿಕೊಂಡರೆ ಈ ತಿರುವಿಗೆ ಮುಂಚೆಯೇ ಕೋಶ ಸೋಲುತ್ತದೆ.

ಬಹಳಷ್ಟು ಜನ ಇಲ್ಲಿ ಕಾಸ್ಟಿಕ್ ಸೋಡಾ ಹನಿಸುತ್ತ ಪಿಎಚ್ 6.5ರಲ್ಲೇ ಹಿಡಿದಿಡುತ್ತಾರೆ. ಹಾಗೆ ಮಾಡಿದರೆ ತಿರುವು ಬರುವುದೇ ಇಲ್ಲ, ಬರೀ ಆಮ್ಲ ಸಿಗುತ್ತದೆ. ಬೇಕಿರುವುದು ಬಫರ್, ಅಂದರೆ ಪಿಎಚ್ ಥಟ್ಟನೆ ಕುಸಿಯದಂತೆ ತಡೆಯುವ ಲವಣ: ಲೀಟರಿಗೆ ಅಮೋನಿಯಂ ಅಸಿಟೇಟ್ 2.2 ಗ್ರಾಂ, ಎರಡು ಪೊಟ್ಯಾಸಿಯಂ ಫಾಸ್ಫೇಟ್‌ಗಳು (ಮೋನೊ, ಡೈ) ತಲಾ ಅರ್ಧ ಗ್ರಾಂ. ಇಲ್ಲವೇ 3ರಿಂದ 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಶುರುವಿನ ಪಿಎಚ್ 6.5 ಇರಲಿ, ಆಮೇಲೆ ಅದನ್ನು ಮುಟ್ಟಬೇಡಿ. ಆದರೂ ಕುಸಿದರೆ ಮುಂದಿನ ಬ್ಯಾಚನ್ನು 37 ಡಿಗ್ರಿ ಬಿಟ್ಟು 34ರಲ್ಲಿ ನಡೆಸಿ; ಆಮ್ಲ ನಿಧಾನವಾಗುತ್ತದೆ.

ಪಿಷ್ಟ ಲೀಟರಿಗೆ 40ರಿಂದ 60 ಗ್ರಾಂ ಸಾಕು. ಇದಕ್ಕಿಂತ ಹೆಚ್ಚು ಹಾಕಿದರೆ ಉಳಿದೇ ಹೋಗುತ್ತದೆ, ಏಕೆಂದರೆ ಬ್ಯುಟನಾಲ್ ಲೀಟರಿಗೆ 12-13 ಗ್ರಾಂ ದಾಟುತ್ತಲೇ ಅದನ್ನು ಮಾಡಿದ ಕೋಶಕ್ಕೇ ವಿಷ. ಪಿಷ್ಟವನ್ನು ಒಡೆಯಲು ಆಮ್ಲ ಬೇಡ, ಈ ತಳಿಗೆ ತನ್ನದೇ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಇದೆ. ಸುಮ್ಮನೆ ಸಲ್ಫ್ಯೂರಿಕ್ ಆಮ್ಲದಲ್ಲಿ ಬೇಯಿಸಿ, ಬ್ಯಾಕ್ಟೀರಿಯಾಕ್ಕೆ ಕೆಡುಕಾದ ಫರ್ಫ್ಯುರಾಲ್ ಹುಟ್ಟಿಸಿಕೊಳ್ಳುತ್ತೀರಿ.

ಇಷ್ಟಾದರೂ ತಿರುವು ಬರದಿದ್ದರೆ ಒಂದು ಹನಿಗೆ ಅಯೋಡಿನ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಚುಟ್ಟದಂತೆ ನಡುವೆ ಉಬ್ಬಿ ಕಂದು-ನೇರಳೆ ಬಣ್ಣ ಹಿಡಿದ ಕೋಶಗಳಿದ್ದರೆ ತಳಿ ಆರೋಗ್ಯವಾಗಿದೆ. ಬರೀ ತೆಳ್ಳಗಿನ ಕಡ್ಡಿಗಳೇ ಕಂಡರೆ ಮರುಕೃಷಿ (ಹಳೆ ಬಾಟಲಿಯಿಂದ ಹೊಸದಕ್ಕೆ ಬೆಳೆಸುವುದು) ಮಾಡಿ ಮಾಡಿ ತಳಿ ಸೊರಗಿದೆ. ಬ್ಯುಟನಾಲ್ ಜೀನುಗಳಿರುವ ಪ್ಲಾಸ್ಮಿಡ್ (ಪ್ರತ್ಯೇಕ ಡಿಎನ್‌ಎ ಉಂಗುರ) ಕಳೆದುಕೊಂಡಿರಬಹುದು. ಮೂಲ ಸ್ಪೋರ್ ದಾಸ್ತಾನಿನಿಂದ ತೆಗೆದು, 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಎಬ್ಬಿಸಿ. ಕೃಷಿಯಿಂದ ಕೃಷಿಗೆ ದಾಟಿಸುವ ಅಭ್ಯಾಸ ಬಿಡಿ.

ಈ ಬ್ಯಾಕ್ಟೀರಿಯಾಕ್ಕೆ ಆಗದ ಆಮ್ಲಜನಕದ ಬಗ್ಗೆ ಒಂದೇ ಮಾತು: ಗಂಜಿಗೆ ಹಾಕಿದ ರೆಸಾಜುರಿನ್ (ಆಮ್ಲಜನಕ ಉಳಿದಿದೆಯೇ ಎಂದು ತೋರಿಸುವ ಬಣ್ಣ) ಗುಲಾಬಿಯಾಗಿದ್ದರೆ ಬ್ಯಾಕ್ಟೀರಿಯಾ ಹಾಕಲೇಬೇಡಿ.

ಪ್ರಶ್ನೆ: ಬೇಕರಿ ಯೀಸ್ಟ್ ಹಾಕಿದರೆ ಆಗದೇ?

ಆಗದು. ಅದು ಎಥನಾಲ್ ಮಾಡುತ್ತದೆ, ಅದೂ ಪಿಷ್ಟವನ್ನು ಸಕ್ಕರೆ ಮಾಡಿ ಕೊಟ್ಟರೆ.

ಪ್ರಶ್ನೆ: ತೌಡನ್ನು ಏಳೇ ದಿನದಲ್ಲಿ ಪೆಟ್ರೋಲ್ ಮಾಡುವ ದ್ರಾವಣ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಕೊಳ್ಳಬೇಡಿ, ಅದು ಶುದ್ಧ ಮೋಸ. ಯಾವ ಕ್ಲಾಸ್ಟ್ರಿಡಿಯಂ ಕೂಡ ಪೆಟ್ರೋಲ್ ಮಾಡುವುದಿಲ್ಲ. ನಿಜವಾದ ತಳಿಗೆ ಒಂದು ಸಂಖ್ಯೆ ಇರುತ್ತದೆ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂನಂಥ ಸೂಕ್ಷ್ಮಜೀವಿ ಸಂಗ್ರಹಗಳಿಂದ ತರಿಸಿ.

ಪ್ರಶ್ನೆ: ಹಿತ್ತಿಲಲ್ಲಿ ಡ್ರಮ್ ಇಟ್ಟು ಮಾಡುತ್ತೇನೆ.

ದಯವಿಟ್ಟು ಬೇಡ. ಬರುವ ಗ್ಯಾಸಿನಲ್ಲಿ ದೊಡ್ಡ ಪಾಲು ಹೈಡ್ರೋಜನ್, ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಸ್ಕಾಟ್ಲೆಂಡ್‌ನಲ್ಲಿ ವಿಸ್ಕಿ ಉಳಿಕೆಯ ಬ್ಯುಟನಾಲ್‌ನಿಂದ ಕಾರು ಓಡಿಸಿದ್ದಾರೆ. ನಮ್ಮ ರೈಸ್‌ಮಿಲ್‌ನಲ್ಲಿ ಏಕಾಗದು? (ಗಂಗಾವತಿ)

2017ರಲ್ಲಿ ಓಡಿಸಿದ್ದು ನಿಜ. ನಿಮ್ಮ ಲೆಕ್ಕ ಮಾಡೋಣ: 100 ಲೀಟರ್ ಗಂಜಿಯಿಂದ ಎಲ್ಲ ಸರಿಯಾದರೆ ಸಿಗುವುದು ಒಂದೂವರೆ ಲೀಟರ್ ಬ್ಯುಟನಾಲ್. ಉಳಿದ ನೀರಿನಿಂದ ಅದನ್ನು ಬಟ್ಟಿ ಇಳಿಸಿ ಬೇರ್ಪಡಿಸುವ ಉರುವಲಿನ ಖರ್ಚೇ ದೊಡ್ಡದು. ಎಣ್ಣೆ ತೆಗೆದ ತೌಡಿಗೆ ಪಶು ಆಹಾರದವರು ಈಗಾಗಲೇ ದುಡ್ಡು ಕೊಡುತ್ತಾರೆ, ಆ ಬೆಲೆಯನ್ನೂ ಕಳೆಯಿರಿ. ಮಿಲ್ಲಿನ ಉಮಿಯನ್ನೇ ಬಾಯ್ಲರಿಗೆ ಉರಿಸಿ ಆ ಶಾಖ ಬಟ್ಟಿಗೆ ಸಿಗುವಂತಿದ್ದರೆ ಮಾತ್ರ ಮುಂದಿನ ಲೆಕ್ಕಕ್ಕೆ ಕೂರಿ.