ಮೂವರು ಹುಡುಗರು, ಮೂರು ಕಥೆ: ಬಂಡಾಯ ಇರುವುದು ಒಂದರಲ್ಲೇ

ಮಡಿಕೇರಿಯಲ್ಲಿ ಎಂ.ಎ. ಮಾಡುತ್ತಿದ್ದೇನೆ, ಅನಂತಮೂರ್ತಿಯವರ ‘ಘಟಶ್ರಾದ್ಧ’, ಫಿಲಿಪ್ ರಾತ್‌ನ ‘ದ ಕನ್ವರ್ಷನ್ ಆಫ್ ದ ಜ್ಯೂಸ್’, ಫ್ರಾಂಕ್ ಓಕಾನರ್‌ನ ‘ಫಸ್ಟ್ ಕನ್ಫೆಷನ್’ ಹೋಲಿಸಿ ಹದಿನೈದು ನಿಮಿಷದ ಸೆಮಿನಾರ್ ಕೊಡಬೇಕು, ‘ಧರ್ಮದ ವಿರುದ್ಧ ಬಾಲಕನ ಬಂಡಾಯ’ ಎಂಬ ಶೀರ್ಷಿಕೆ ಆಗಬಹುದೇ ಅಂತ ಕೇಳಿದ್ದೀರಿ.

ಶೀರ್ಷಿಕೆ ಬದಲಾಯಿಸಿ. ಮೂವರಲ್ಲಿ ಬಂಡೆದ್ದವನು ರಾತ್‌ನ ಆಝಿ ಒಬ್ಬನೇ. ‘ಬಂಡಾಯ’ ಅಂತ ಶುರು ಮಾಡಿದರೆ ಉಳಿದ ಎರಡು ಕಥೆಗಳನ್ನು ಎಳೆದು ತಂದು ಅದಕ್ಕೆ ಕಟ್ಟಬೇಕಾಗುತ್ತದೆ. ಅದರ ಬದಲು ಒಂದೇ ಪ್ರಶ್ನೆ ಹಿಡಿಯಿರಿ: ಪೆಟ್ಟು ಯಾರ ಕೈಯಿಂದ, ಯಾರ ಮೈಮೇಲೆ ಬೀಳುತ್ತದೆ?

ರಾತ್‌ನ ಕಥೆ 1959ರಲ್ಲಿ ಅವನ ಮೊದಲ ಸಂಕಲನದಲ್ಲಿ ಬಂತು. ಆರು ದಿನದಲ್ಲಿ ಲೋಕ ಸೃಷ್ಟಿಸಿದ ದೇವರಿಗೆ, ಗಂಡಿನ ಸಂಗವಿಲ್ಲದೆ ಹೆಣ್ಣಿಗೆ ಮಗು ಕೊಡುವುದು ಯಾಕೆ ಸಾಧ್ಯವಿಲ್ಲ ಅಂತ, ಯೇಸುವಿನ ಹುಟ್ಟಿನ ಬಗ್ಗೆ, ಹದಿಮೂರರ ಯಹೂದಿ ಹುಡುಗ ಆಝಿ ತನ್ನ ರಬ್ಬಿಯನ್ನು (ಯಹೂದಿ ಧರ್ಮಗುರು) ಕೇಳುತ್ತಾನೆ. ವಿಷಯ ತಿಳಿದು, ಅದೂ ಸಬ್ಬತ್ತಿನ (ಯಹೂದಿಗಳ ವಾರದ ಪವಿತ್ರ ದಿನ) ದೀಪ ಹಚ್ಚುವ ಸಂಜೆ, ತಾಯಿ ಮೊದಲ ಬಾರಿಗೆ ಅವನ ಕೆನ್ನೆಗೆ ಹೊಡೆಯುತ್ತಾಳೆ. ಆಮೇಲೆ ತರಗತಿಯಲ್ಲಿ, ‘ಮುಕ್ತ ಚರ್ಚೆ’ಯ ಹೊತ್ತಿನಲ್ಲೇ, ರಬ್ಬಿ ಬೈಂಡರ್‌ನ ಕೈ ಮುಂದೆ ಬರುತ್ತದೆ. ಈ ವಾಕ್ಯಗಳನ್ನು ಎರಡು ಸಲ ಓದಿ. ಬಾಯಿ ಮುಚ್ಚಿಸಲಿಕ್ಕಷ್ಟೇ ಕೈ ಬಂದಿರಬಹುದು, ಹುಡುಗ ತಲೆ ತಗ್ಗಿಸಿದ, ಅಂಗೈ ಮೂಗಿಗೆ ಬಡಿಯಿತು, ರಕ್ತ ಬಂತು. ಹೊಡೆಯುವ ಉದ್ದೇಶ ಇತ್ತೋ ಇಲ್ಲವೋ ಎಂಬುದನ್ನು ನಿರೂಪಕ ತೀರ್ಮಾನಿಸುವುದಿಲ್ಲ. ರಬ್ಬಿಯನ್ನು ಬರೀ ಕ್ರೂರಿ ಮಾಡಿಬಿಟ್ಟರೆ ಈ ‘ಇರಬಹುದು’ ಕಳೆದುಹೋಗುತ್ತದೆ. ಮುಂದೆ ಹುಡುಗ ಮಾಳಿಗೆ ಹತ್ತಿ, ಕೆಳಗೆ ಅಗ್ನಿಶಾಮಕದವರು ಬಲೆ ಹಿಡಿದು ನಿಂತಿರುವಾಗ ಎಲ್ಲರನ್ನೂ ಮೊಣಕಾಲೂರಿಸಿ, ದೇವರ ವಿಷಯಕ್ಕೆ ಯಾರನ್ನೂ ಹೊಡೆಯಬಾರದು ಅಂತ ಮಾತು ತೆಗೆದುಕೊಳ್ಳುತ್ತಾನೆ. ಅದಕ್ಕೂ ಮೊದಲು, ಗಂಡಿನ ಸಂಗವಿಲ್ಲದೆ ದೇವರು ಮಗು ಕೊಡಬಲ್ಲ ಅಂತ ಎಲ್ಲರ ಬಾಯಲ್ಲೂ ಹೇಳಿಸಿರುತ್ತಾನೆ. (ಇಡೀ ಗುಂಪು ಮೊಣಕಾಲೂರುವ ದೃಶ್ಯ ಸ್ವಲ್ಪ ಅತಿಯಾಯಿತು ಅಂತ ನನಗೆ ಅನಿಸುತ್ತದೆ, ಹುಡುಗನಿಗೆ ಗೆಲುವು ತೀರಾ ಅಗ್ಗವಾಗಿ ಸಿಕ್ಕಿತು.)

ಓಕಾನರ್‌ನಲ್ಲಿ ಎಡವುವುದು ಸುಲಭ. ಏಳು ವರ್ಷದ ಜಾಕಿಯನ್ನು ಹೆದರಿಸುವವನು ಪಾದ್ರಿಯಲ್ಲ. ಅರ್ಧ ಕ್ರೌನ್ ನಾಣ್ಯ ತೋರಿಸಿ, ಐದು ನಿಮಿಷ ಒಂದೇ ಒಂದು ಬೆರಳನ್ನು ಮೋಂಬತ್ತಿಯ ಉರಿಯಲ್ಲಿ ಹಿಡಿದವನಿಗೆ ಇದು ಅನ್ನುವ, ಮಕ್ಕಳನ್ನು ಮೊದಲ ಪಾಪನಿವೇದನೆಗೆ ಸಿದ್ಧಪಡಿಸುವ ಮಿಸೆಸ್ ರಯಾನ್, ಮತ್ತು ಅಕ್ಕ ನೋರಾ. ಪಾದ್ರಿಯೋ, ಅಜ್ಜಿಯನ್ನು ಕೊಲ್ಲುವ ಹುಡುಗನ ಯೋಜನೆಯನ್ನೂ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ. ‘ಚರ್ಚಿನ ದಬ್ಬಾಳಿಕೆ’ ಅಂತ ಬರೆದರೆ ಮೇಷ್ಟರು ಅಲ್ಲೇ ಹಿಡಿಯುತ್ತಾರೆ.

‘ಘಟಶ್ರಾದ್ಧ’ದ ನಾಣಿಗೆ ಹತ್ತಲು ಮಾಳಿಗೆಯೇ ಇಲ್ಲ. ಶಿಕ್ಷೆ ಬೀಳುವುದು ಅವನ ಮೇಲಲ್ಲ, ಗರ್ಭಿಣಿಯಾದ ವಿಧವೆ ಯಮುನಕ್ಕನ ಮೇಲೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ, ನಾಣಿಗೆ ವೇದ ಹೇಳಿಕೊಡುವವನೂ ಅವನೇ. ಹುಡುಗ ನೋಡುತ್ತಾನೆ, ಅಷ್ಟೇ. ಹಾಗಾಗಿ ಇಲ್ಲಿ ಸೆಣಸಾಟ ಭಯದ ಜೊತೆ, ಕೈಲಾಗದಿರುವುದರ ಜೊತೆ. ಹೋಲಿಕೆಯ ತೂಕವೆಲ್ಲ ಈ ಕಥೆಯ ಕಡೆಗಿರಲಿ.

ಕೊಡವ ಮನೆಯಲ್ಲಿ ಬೆಳೆದವಳಿಗೆ ಪುರೋಹಿತರ ಅಧಿಕಾರ ಅರ್ಥವಾಗುವುದು ಕಷ್ಟ ಅಂದಿದ್ದೀರಿ. ಅದನ್ನೇ ಬಳಸಿಕೊಳ್ಳಿ. ನಿಮ್ಮಲ್ಲಿ ಮದುವೆಗೆ ಪುರೋಹಿತರು ಬೇಕಿಲ್ಲ. ಹಿರಿಯರು ಅಕ್ಕಿ ಹಾಕಿ, ಕಿಂಡಿಯಿಂದ (ಕೊಕ್ಕಿರುವ ಪುಟ್ಟ ಪಾತ್ರೆ) ಹಾಲು ಕೊಟ್ಟು ಹರಸಿದರೆ ಆಯಿತು. ಒಕ್ಕದಲ್ಲಿ (ಮನೆತನ) ಪಟ್ಟೆದಾರರ, ಅಂದರೆ ಮನೆತನದ ಹಿರಿಯರ ಮಾತು, ಊರಲ್ಲಿ ತಕ್ಕರ, ಅಂದರೆ ಊರ ಮುಖ್ಯಸ್ಥರ ಮಾತು ನಡೆಯುತ್ತದೆ. ದೇವರ ಹೆಸರಿನ ಅಧಿಕಾರ ಮತ್ತು ಹಿರಿತನದ ಅಧಿಕಾರ ಬೇರೆ ಬೇರೆ ಅಂತ ನಿಮಗೆ ಮೊದಲೇ ಗೊತ್ತು. ಅಗ್ರಹಾರದಲ್ಲಿ ಅವೆರಡೂ ಒಬ್ಬನಲ್ಲೇ ಕೂಡಿವೆ, ಜಾಕಿಯ ಊರಲ್ಲಿ ಬೇರೆಯಾಗಿವೆ. ಇದಕ್ಕೆ ಎರಡು ನಿಮಿಷ ಕೊಡಿ, ಹೆಚ್ಚು ಬೇಡ.

ಕಥಾಸಾರ ಮೂರೂ ಸೇರಿ ಮೂರು ನಿಮಿಷ ದಾಟಬಾರದು. ಸೆಮಿನಾರುಗಳು ಹಾಳಾಗುವುದು ಇಲ್ಲೇ. ಯಾರು ಹೇಳುತ್ತಿದ್ದಾರೆ ಅನ್ನುವುದನ್ನೂ ಗುರುತಿಸಿ: ಜಾಕಿ, ನಾಣಿ ಇಬ್ಬರದೂ ‘ನಾನು’, ಆಝಿಯದು ‘ಅವನು’. ಇನ್ನು, ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾ ನೋಡಿದ್ದರೆ ಅದರ ದೃಶ್ಯಗಳು ಕಥೆಯೊಳಗೆ ನುಸುಳುತ್ತವೆ. ಹೇಳುವ ಪ್ರತಿ ವಿವರಕ್ಕೂ ಪುಸ್ತಕದ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಪುಟ ಸಿಗದ್ದನ್ನು ಹೊಡೆದುಹಾಕಿ.