ಪಕ್ಷ ಸೇರದೆ ಊರಿನ ಆಡಳಿತದಲ್ಲಿ ಭಾಗವಹಿಸೋದು ಹೇಗೆ? (ಮಂಡ್ಯ ಕಡೆ ಹಳ್ಳಿ)
ಮೊದಲು ವಾರ್ಡ್ ಸಭೆಗೆ, ಅಂದರೆ ನಿಮ್ಮ ವಾರ್ಡಿನ ಮತದಾರರ ಸಭೆಗೆ ಹೋಗಿ. ಎಲ್ಲರೂ ಗ್ರಾಮಸಭೆ ಅಂತಾರೆ, ಆದರೆ ಮನೆ, ಕೊಟ್ಟಿಗೆ, ಚರಂಡಿಯ ಬೇಡಿಕೆಗಳು ಪಟ್ಟಿಗೆ ಸೇರೋದು ವಾರ್ಡ್ ಸಭೆಯಲ್ಲೇ. ಗ್ರಾಮಸಭೆಗೆ ಬರುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತೆ.

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಎರಡೂ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಈ ಸಭೆಗಳ ಸದಸ್ಯರೇ.

ನಮ್ಮೂರಲ್ಲಿ ಒಮ್ಮೆ ಡೇರಿ ಮುಂದೆ ಹಾಲು ಹಾಕೋಕೆ ನಿಂತವರ ಹತ್ರಾನೇ ಸಹಿ ತಗೊಂಡು ಸಭೆ ಮುಗಿಸಿದ್ರು. ನಾನೂ ಕ್ಯಾನ್ ಕೆಳಗಿಟ್ಟು ಸಹಿ ಹಾಕಿದವನೇ! ಹಾಳೆಯಲ್ಲಿ ಸಹಿಯ ಮೇಲಿನ ಜಾಗ ಖಾಲಿ ಇತ್ತು. ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ನಡಾವಳಿ (ಸಭೆಯ ತೀರ್ಮಾನಗಳ ದಾಖಲೆ) ತೆಗೆಸಿದಾಗ, ನಾವ್ಯಾರೂ ಕೇಳದ ಕೆಲಸಗಳು 'ಸರ್ವಾನುಮತದಿಂದ' ಪಾಸಾಗಿದ್ದವು.

ಅದಕ್ಕೇ ನಡಾವಳಿ ಓದದೆ ಸಹಿ ಬೇಡ. ಬೇಡಿಕೆಯನ್ನು ಬಾಯಲ್ಲಿ ಹೇಳಿ ಬರಬೇಡಿ, ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬರವಣಿಗೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋದರೆ 'ಬಾರಪ್ಪ, ಕಾಫಿ ಕುಡಿ' ಅಂತ ಸಾಗಹಾಕ್ತಾರೆ; ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಹೆಂಗಸರನ್ನ ಕರ್ಕೊಂಡು ಹೋಗಿ, ಚರಂಡಿ ವಿಷಯ ಅವರಷ್ಟು ಖಡಕ್ಕಾಗಿ ಯಾರೂ ಕೇಳಲ್ಲ.

ಚುನಾವಣೆಗೆ ನಿಲ್ಲೋ ಆಸೆ ಇದ್ದರೆ 21 ತುಂಬಿರಬೇಕು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ.